ತಾಯಿ ಹೇಳಿದ ಒಂದೇ ಮಾತು

"ಉಸ್ತಾದರೇ, ಇನ್ನೊಬ್ಬನ ವಿದ್ಯೆ ಕಂಡು ಹೊಟ್ಟೆ ಉರಿದರೆ ಅದು ತಪ್ಪೇ? ಅದೂ ವಿದ್ಯೆಯ ಮೇಲಿನ ಆಸೆಯೇ ಅಲ್ಲವೇ?"

ಕೇಳಿದವನು ಗೈಬುಸಾಬ. ಮಕ್ತುಮಸಾಬ ಉಸ್ತಾದರ ಬಳಿ ಎಂಟು ವರ್ಷದಿಂದ ಕುರ್‌ಆನ್ ಕಲಿಯುತ್ತಿದ್ದವನು. ಬರುವ ವಾರದ ಜಲ್ಸಾ ಎಂಬ ಧರ್ಮಸಭೆಯಲ್ಲಿ ಎಲ್ಲರ ಮುಂದೆ ಕುರ್‌ಆನ್ ಓದುವ ಕೆಲಸವನ್ನು ಉಸ್ತಾದರು ಅಂದು ಬೆಳಿಗ್ಗೆ ಬಂದೇನವಾಜನಿಗೆ ಒಪ್ಪಿಸಿದ್ದರು. ಬಂದೇನವಾಜ ಅವರಲ್ಲಿಗೆ ಬಂದು ಮೂರು ವರ್ಷ ಕೂಡ ಆಗಿರಲಿಲ್ಲ.

"ಯಾರ ಹೊಟ್ಟೆ ಉರಿಯುತ್ತಿದೆ?" ಎಂದರು ಉಸ್ತಾದರು.

"ಯಾರದೂ ಅಲ್ಲ. ಸುಮ್ಮನೆ ಕೇಳಿದೆ."

"ಸುಮ್ಮನೆ ಕೇಳುವವನ ಮುಖ ಹೀಗೆ ಹುಳ್ಳಗಾಗುವುದಿಲ್ಲ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದೆಯೋ, ಎದ್ದು ಹೋಗುತ್ತೇನೆ."

ಗೈಬುಸಾಬ ಕೂತ. ಉಸ್ತಾದರು ಹೇಳತೊಡಗಿದರು.

ಬಹಳ ಹಿಂದೆ ಇರಾಕ್ ದೇಶದ ಒಂದು ಪಟ್ಟಣದಲ್ಲಿ ಒಬ್ಬ ಪಂಡಿತನಿದ್ದ. ಆ ಕಾಲದಲ್ಲಿ ಈಗಿನ ಹಾಗೆ ಮದರಸಾ ಕಟ್ಟಡಗಳಿರಲಿಲ್ಲ. ದೊಡ್ಡ ಮಸೀದಿಯೇ ಪಾಠಶಾಲೆ. ಮಸೀದಿಯೊಳಗೆ ಒಬ್ಬೊಬ್ಬ ಪಂಡಿತನಿಗೆ ಒಂದೊಂದು ಕಂಬ. ಕಂಬಕ್ಕೆ ಬೆನ್ನು ಕೊಟ್ಟು ಅವನು ಕೂರುತ್ತಿದ್ದ, ಕೇಳುವವರು ಸುತ್ತ ಕೂರುತ್ತಿದ್ದರು. ಯಾರ ಕಂಬದ ಸುತ್ತ ಎಷ್ಟು ಸುತ್ತು ಜನ ಎಂಬುದರ ಮೇಲೆ ಊರಿನಲ್ಲಿ ಅವನಿಗೆ ಮರ್ಯಾದೆ.

ನಮ್ಮ ಪಂಡಿತನದು ಎಲ್ಲಕ್ಕಿಂತ ಮುಂದಿನ ಕಂಬ. ಸುತ್ತ ಐದು ಸುತ್ತು ಜನ. ಶುಕ್ರವಾರದ ನಮಾಜನ್ನು ಮುಂದೆ ನಿಂತು ಮಾಡಿಸುವವನೂ ಅವನೇ. ಅವನು ಕಲಿಸುತ್ತಿದ್ದುದು ಒಂದೇ ವಿಷಯ: ಕುರ್‌ಆನಿನ ಮಾತು ಏಕೆ ಅಷ್ಟು ಸೊಗಸು, ಅಂಥ ಮಾತು ಮನುಷ್ಯನ ಬಾಯಲ್ಲಿ ಏಕೆ ಹುಟ್ಟುವುದಿಲ್ಲ ಎಂಬುದು. ಕಲಿಸುವ ರೀತಿಯೂ ಅವನದೇ. ಒಂದು ವಚನ ಹೇಳುವನು. ಅದರಿಂದ ಒಂದು ಪದವನ್ನು ತೆಗೆದು, ಅದೇ ಅರ್ಥದ ಇನ್ನೊಂದನ್ನು ಅಲ್ಲಿಡುವನು. "ಈಗ ಹೇಗಿದೆ?" ಎನ್ನುವನು. "ಸಪ್ಪೆ" ಎನ್ನುವರು ಜನ. ಮತ್ತೊಂದನ್ನು ಇಡುವನು. ಅದೂ ಸಪ್ಪೆ. ಹೀಗೆ ಹತ್ತು ಪದ ಇಟ್ಟು, ಹತ್ತನ್ನೂ ತೆಗೆದು, ಕೊನೆಗೆ ಮೊದಲಿನ ಪದವನ್ನೇ ತಂದು ಅದರ ಜಾಗದಲ್ಲಿ ಕೂರಿಸುವನು. ಆಗ ಐದು ಸುತ್ತು ಜನರೂ "ಸುಭಾನಲ್ಲಾ" ಎನ್ನುವರು. ನಲವತ್ತು ವರ್ಷ ಹೀಗೆ ನಡೆಯಿತು. ಸುಳ್ಳೇಕೆ ಹೇಳಲಿ, ದೊಡ್ಡ ವಿದ್ಯೆ ಅದು. ಅಂಥ ಕಿವಿ ನನಗಿಲ್ಲ. ನಿನಗಂತೂ ಇಲ್ಲವೇ ಇಲ್ಲ.

ಅದೇ ಊರಿಗೆ ಒಬ್ಬ ತರುಣ ಬಂದ. ಚಾಪೆ ಹೆಣೆಯುವವನು. ಆ ಸೀಮೆಯ ನದಿಯಂಚಿನಲ್ಲಿ ಜೊಂಡು ಆಳೆತ್ತರ ಬೆಳೆಯುತ್ತದೆ. ಅದನ್ನು ಕೊಯ್ದು ತಂದು ಚಾಪೆ ಮಾಡುವುದು ಅವನ ಕಸುಬು. ಕೈ ತುಂಬ ಜೊಂಡು ಕೊಯ್ದ ಗಾಯ. ಕುರ್‌ಆನ್ ಪೂರ್ತಿ ಬಾಯಿಪಾಠ. ಅವನು ಬಾಗಿಲ ಬಳಿಯ ಕಂಬದ ಹತ್ತಿರ ಕೂತು ಒಂದಿಬ್ಬರಿಗೆ ವಚನಗಳನ್ನು ಬಿಡಿಸಿ ಹೇಳತೊಡಗಿದ. ಬಾಗಿಲ ಬಳಿಯ ಕಂಬ ಯಾರಿಗೂ ಬೇಕಾಗಿರಲಿಲ್ಲ. ಬಂದವರೆಲ್ಲ ಪಾದರಕ್ಷೆ ಬಿಡುವ ಜಾಗ ಅದು.

ಒಂದು ವರ್ಷ ಕಳೆಯುವಷ್ಟರಲ್ಲಿ ಆ ಕಂಬದ ಸುತ್ತ ಮೂರು ಸುತ್ತು ಜನ ಸೇರಿದರು. ಪಂಡಿತನ ಐದು ಸುತ್ತು ನಾಲ್ಕಾಯಿತು, ಆಮೇಲೆ ಮೂರೂವರೆ.

ಅಲ್ಲಿಂದ ಶುರುವಾಯಿತು ನೋಡು. ಪಂಡಿತನಿಗೆ ಪಾಠ ಹೇಳುವಾಗ ಕಣ್ಣು ಬಾಗಿಲ ಕಡೆಗೆ. ಅಲ್ಲಿ ಯಾರಾದರೂ "ಆಹಾ" ಎಂದರೆ ಇಲ್ಲಿ ಇವನಿಗೆ ಮಾತು ತಪ್ಪುತ್ತಿತ್ತು. ತನ್ನ ಶಿಷ್ಯರಲ್ಲಿ ಯಾವನ ಕುತ್ತಿಗೆ ಆ ಕಡೆಗೆ ತಿರುಗಿತು ಎಂದು ನೋಡುವುದೇ ಕೆಲಸವಾಯಿತು. ಪಾಠ ಬೇಗ ಮುಗಿಸುವನು. ಮನೆಗೆ ಹೋಗುವ ನೆಪದಲ್ಲಿ ಬಾಗಿಲ ಬಳಿ ನಿಧಾನವಾಗಿ ನಡೆಯುವನು. ಪಾದರಕ್ಷೆಯ ದಾರ ಕಟ್ಟಿಕೊಳ್ಳಲು ಅರ್ಧ ಗಳಿಗೆ. ಕಿವಿ ಮಾತ್ರ ಅಲ್ಲೇ. ಮನೆಯಲ್ಲಿ ಅನ್ನ ಸೇರದು. "ಉಪ್ಪು ಹೆಚ್ಚಾಗಿದೆ" ಎಂದು ತಟ್ಟೆ ತಳ್ಳುವನು. ಹೆಂಡತಿ ಬಾಯಿಗೆ ಹಾಕಿಕೊಂಡು ನೋಡಿದರೆ ಉಪ್ಪು ಸರಿಯಾಗಿಯೇ ಇರುತ್ತಿತ್ತು. ಪಾಪ, ಆಕೆ ಮಾರನೆಯ ದಿನ ಉಪ್ಪನ್ನೇ ಕಡಿಮೆ ಮಾಡಿದಳು.

ಒಂದು ದಿನ ಚಾಪೆಯವನು ಮೂಸಾ ಪೈಗಂಬರರ ತಾಯಿಯ ಕತೆ ಎತ್ತಿಕೊಂಡ. ನಿನಗೆ ಗೊತ್ತಿದೆಯಲ್ಲ? ಫಿರೌನ್ ದೊರೆ ಗಂಡುಕೂಸುಗಳನ್ನು ಕೊಲ್ಲಿಸುತ್ತಿದ್ದಾನೆ. ತಾಯಿ ತನ್ನ ಮಗುವನ್ನು ಪೆಟ್ಟಿಗೆಯಲ್ಲಿಟ್ಟು ನದಿಗೆ ಬಿಟ್ಟಳು. ಬಿಟ್ಟು, ಮಗುವಿನ ಅಕ್ಕನಿಗೆ ಒಂದು ಮಾತು ಹೇಳಿದಳು. ಅವನ ಹಿಂದೆ ಹೋಗು ಎಂದು. ಅರಬಿಯಲ್ಲಿ ಅದು ಒಂದೇ ಪದ. ಅಷ್ಟೇ. ಮಗುವಿನ ಹೆಸರಿಲ್ಲ, "ಅಯ್ಯೋ" ಇಲ್ಲ, "ಕಂದಾ" ಇಲ್ಲ.

ಪಂಡಿತನಿಗೆ ಈ ಜಾಗ ಬಹಳ ವರ್ಷದಿಂದ ಒಗಟಾಗಿತ್ತು. ಹೊಟ್ಟೆಯಲ್ಲಿ ಹುಟ್ಟಿದ ಕೂಸನ್ನು ನೀರಿಗೆ ಬಿಟ್ಟವಳು ಇಷ್ಟೇ ಇಷ್ಟು ಮಾತಾಡುತ್ತಾಳೆಯೇ? ಇದರ ಸೊಗಸು ಎಲ್ಲಿದೆ? ಪದಗಳನ್ನು ಇಟ್ಟು ತೆಗೆದು ಸಾಕಾಗಿ ಕೈಬಿಟ್ಟಿದ್ದ. ಅಂದು ಪಾದರಕ್ಷೆಯ ದಾರ ಹಿಡಿದುಕೊಂಡು ಬಾಗಿಲಲ್ಲಿ ಬಗ್ಗಿದ್ದವನ ಕಿವಿಗೆ ಚಾಪೆಯವನ ಮಾತು ಬಿತ್ತು.

"ನಾನು ಜೊಂಡಿಗಾಗಿ ದಿನಾ ನದಿಗೆ ಇಳಿಯುವವನು" ಎನ್ನುತ್ತಿದ್ದ ಅವನು. "ಕೈಯಿಂದ ಒಂದು ಕಟ್ಟು ಜಾರಿದರೆ ತಿರುಗಿ ನೋಡುವಷ್ಟರಲ್ಲಿ ಹತ್ತು ಮಾರು ದೂರ ಹೋಗಿರುತ್ತದೆ. ಆ ತಾಯಿಯ ಕಣ್ಣೆದುರಿಗೆ ಪೆಟ್ಟಿಗೆ ಹರಿದು ಹೋಗುತ್ತಿದೆ. ಎರಡನೆಯ ಮಾತಿಗೆ ಅವಳಿಗೆ ಹೊತ್ತೆಲ್ಲಿದೆ?"

ಮೂರು ಸುತ್ತು ಜನರೂ ಗಳಗಳ ಅತ್ತುಬಿಟ್ಟರು.

ಪಂಡಿತನ ಕಣ್ಣಲ್ಲೂ ನೀರು ಬಂತು. ಅದೇ ಅವನಿಗೆ ಸಹಿಸಲಾಗಲಿಲ್ಲ. ಮಾತು ನಿಜ ಎಂದು ಅವನಿಗಿಂತ ಚೆನ್ನಾಗಿ ತಿಳಿದವರು ಆ ಮಸೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ನಲವತ್ತು ವರ್ಷ ನಾನು ತಲೆ ಕೆಡಿಸಿಕೊಂಡಿದ್ದೇನೆ, ಇದು ಈ ಜೊಂಡು ಕೊಯ್ಯುವವನಿಗೆ ಏಕೆ ಹೊಳೆಯಬೇಕು? ನನಗೆ ಏಕೆ ಹೊಳೆಯಲಿಲ್ಲ? ದಾರಿಯುದ್ದಕ್ಕೂ ಅವನು ಇದನ್ನೇ ಹೇಳಿಕೊಂಡು ಹೋದ. ಇವನು ಸುಳ್ಳಾಗಬೇಕು ಎಂದುಕೊಂಡ. ಹೇಗಾದರೂ ಸರಿ, ಸುಳ್ಳಾಗಬೇಕು.

ಸುಳ್ಳು ಮಾಡುವುದು ಹೇಗೆ? ಅವನಿಗೆ ಗೊತ್ತಿದ್ದುದು ಒಂದೇ ದಾರಿ. ಆ ಪದ ತೆಗೆದು ಇನ್ನೊಂದು ಇಡಬೇಕು. ಇಟ್ಟದ್ದು ಸಪ್ಪೆಯಾಗದೆ ನಿಂತರೆ ಚಾಪೆಯವನ ವಿವರಣೆ ಬಿದ್ದುಹೋಗುತ್ತದೆ. ಇಷ್ಟು ವರ್ಷ ಯಾವ ಪದವೂ ನಿಲ್ಲಬಾರದು ಎಂದು ಹುಡುಕಿದವನು ಈಗ ಒಂದು ಪದ ನಿಲ್ಲಲಿ ಎಂದು ಹುಡುಕಲು ಕೂತ. ಇಪ್ಪತ್ತು ದಿನ ಹುಡುಕಿದ. ಹಳೆಯ ಹಾಡುಗಳನ್ನು ಜಾಲಾಡಿದ. ಮರಳುಗಾಡಿನಿಂದ ಸಂತೆಗೆ ಬಂದವರನ್ನು ಹಿಡಿದು ಕೂರಿಸಿ, ತಮ್ಮನ ಮೇಲೆ ಕಣ್ಣಿಡು ಎಂದು ನಿಮ್ಮ ಹೆಂಗಸರು ಮಗಳಿಗೆ ಹೇಗೆ ಹೇಳುತ್ತಾರೆ ಎಂದು ಕೇಳಿದ. ಕೊನೆಗೆ ಒಂದು ಸಿಕ್ಕಿತು. ಅವನನ್ನು ನೋಡಿಕೋ ಎಂಬ ಅರ್ಥದ್ದು. ಅದೂ ಅಷ್ಟೇ ಚಿಕ್ಕದು. ಹೆಂಗರುಳಿನ ಮಾತು. ಬಾಯಲ್ಲಿ ಹೇಳಿ ನೋಡಿದ. ಇನ್ನೂ ನೂರು ಸಲ ಹೇಳಿ ನೋಡಿದ. ಅಂದು ತಟ್ಟೆಯಲ್ಲಿದ್ದುದನ್ನೆಲ್ಲ ತಿಂದ. ಹೆಂಡತಿ ಸದ್ಯ ಎಂದುಕೊಂಡಳು.

ಗುರುವಾರ ಸಂಜೆ ಮಸೀದಿ ತುಂಬಿದ್ದಾಗ ಅವನು ತನ್ನ ಕಂಬ ಬಿಟ್ಟು ಎದ್ದ. ನೆಟ್ಟಗೆ ಬಾಗಿಲ ಬಳಿಯ ಕಂಬಕ್ಕೆ ಹೋದ. ಎಲ್ಲ ಕಂಬದವರೂ ತಿರುಗಿ ನೋಡಿದರು.

"ನದಿ ಕತೆ ಹೇಳಿ ಜನರನ್ನು ಅಳಿಸಿದೆಯಂತೆ" ಎಂದ. "ಇಲ್ಲಿ ಕೇಳು. ಅಷ್ಟೇ ಚಿಕ್ಕ ಮಾತು, ಅದಕ್ಕಿಂತ ಮೆತ್ತನೆಯದು. ತಾಯಿಯ ಬಾಯಿಗೆ ಅದಕ್ಕಿಂತ ಇದೇ ಚೆನ್ನಾಗಿ ಒಪ್ಪುತ್ತದೆ." ಎಂದು ತನ್ನ ಪದವನ್ನು ಆ ವಚನದೊಳಗಿಟ್ಟು ಎತ್ತಿದ ದನಿಯಲ್ಲಿ ಓದಿದ. ಓದಿ, "ಹೇಗಿದೆ?" ಎಂದ.

ಯಾರೂ ಸಪ್ಪೆ ಎನ್ನಲಿಲ್ಲ. ಮುದುಕನೊಬ್ಬ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಇದನ್ನು ಹೇಳುತ್ತಿರುವುದು ಇವನೇ ಎಂದು ಜನಕ್ಕೆ ನಂಬಿಕೆ ಬರಲಿಲ್ಲ. ಕುರ್‌ಆನಿನ ಮಾತಿಗಿಂತ ಬೇರೆ ಮಾತು ಚೆನ್ನಾಗಿ ಒಪ್ಪುತ್ತದೆ ಎಂದು ಇವನು ಹೇಳುವುದೇ?

ಚಾಪೆಯವನು ಎದ್ದು ನಿಂತ. ಅವನಿಗೆ ಸಿಟ್ಟು ಬರಲಿಲ್ಲ, ಗಾಬರಿಯಾಯಿತು.

"ಹಜರತ್, ನಾಳೆ ನಮಾಜಿನಲ್ಲಿ ಯಾವ ಪದವನ್ನು ಓದುತ್ತೀರಿ?" ಎಂದು ಕೇಳಿದ.

ಪಂಡಿತ ಬೆನ್ನು ತಿರುಗಿಸಿದ. ಮನೆಗೆ ಹೋದ.

ಮಾರನೆಯ ದಿನ ಶುಕ್ರವಾರ. ಅವನು ಬೇರೆ ಯಾವ ಅಧ್ಯಾಯ ಬೇಕಾದರೂ ಓದಬಹುದಾಗಿತ್ತು. ಓದಿದರೆ ಹೆದರಿದ ಎನ್ನುತ್ತಾರೆ. ಆ ಚಾಪೆಯವನು ಮೀಸೆಯಲ್ಲೇ ನಗುತ್ತಾನೆ. ಅದಕ್ಕೆ ಹಟ ಹಿಡಿದು ಅದೇ ಅಧ್ಯಾಯ ಎತ್ತಿಕೊಂಡ. ಹಿಂದೆ ಊರಿಗೆ ಊರೇ ಸಾಲು ಸಾಲಾಗಿ ಕೈಕಟ್ಟಿ ನಿಂತಿದೆ. ಓದಿದ, ಓದಿದ. ಫಿರೌನ್ ಬಂದ. ತಾಯಿ ಬಂದಳು. ಪೆಟ್ಟಿಗೆ ನೀರಿಗೆ ಬಿತ್ತು. ಅವಳು ಮಗಳಿಗೆ ಹೇಳಿದಳು ಎಂಬಲ್ಲಿಗೆ ಬಂದ.

ನಾಲಿಗೆ ತುದಿಗೆ ಬಂದದ್ದು ಅವನದೇ ಪದ.

ಬರದೆ ಏನು? ಇಪ್ಪತ್ತು ದಿನ ಅದನ್ನೇ ಮೆದ್ದಿದ್ದ. ದೇವರ ಎದುರು ನಿಂತು ದೇವರ ಮಾತಿನ ಜಾಗದಲ್ಲಿ ನನ್ನ ಮಾತನ್ನು ಹೇಳುವವನಿದ್ದೆನಲ್ಲ ಎಂದು ಹಲ್ಲು ಕಚ್ಚಿದ. ಅದನ್ನು ತಡೆದ. ಸರಿ, ಕುರ್‌ಆನಿನ ಪದ ಯಾವುದು? ನಲವತ್ತು ವರ್ಷ ಬಾಯಲ್ಲಿದ್ದ ಮಾತು ಎಷ್ಟು ತಡಕಾಡಿದರೂ ಸಿಗಲಿಲ್ಲ. ಅಳಿಸಿ ಹೋಗಿತ್ತು.

ಮುಂದೆ ನಿಂತವನಿಗೆ ಮರೆತರೆ ಹಿಂದಿನವನು ಆ ಪದ ಎತ್ತಿ ಕೊಡಬೇಕು, ಅದು ಪದ್ಧತಿ. ನಮ್ಮ ಕಡೆ ಲುಕ್ಮಾ ಕೊಡುವುದು ಎನ್ನುತ್ತೇವಲ್ಲ, ಬಾಯಿಗೆ ತುತ್ತು ಕೊಟ್ಟ ಹಾಗೆ. ಆ ಸಾಲುಗಳಲ್ಲಿ ಕುರ್‌ಆನ್ ಬಾಯಿಪಾಠವಿದ್ದವರು ನೂರು ಜನರಿದ್ದರು. ಒಬ್ಬನೂ ಬಾಯಿ ಬಿಡಲಿಲ್ಲ. ಅಂಥ ಪಂಡಿತನಿಗೆ, ಅದೂ ನಿನ್ನೆ ನಡೆದದ್ದನ್ನು ಕಂಡ ಮೇಲೆ, ಆ ಪದವನ್ನು ನಾನು ಹೇಗೆ ಕೊಡಲಿ ಎಂದು ಎಲ್ಲರಿಗೂ ಅಂಜಿಕೆ. ಪಂಡಿತ ನಿಂತೇ ಇದ್ದ. ಬೆವರು ಗಡ್ಡದಿಂದ ತೊಟ್ಟಿಕ್ಕಿತು. ಹಿಂದೆ ಯಾರೋ ಕೆಮ್ಮಿದರು.

ಆಗ ಮೂರನೆಯ ಸಾಲಿನಿಂದ ಆ ಪದ ಬಂತು. ಮೆಲ್ಲಗೆ, ಸ್ಪಷ್ಟವಾಗಿ.

ಚಾಪೆಯವನ ದನಿ. ತಿಂಗಳುಗಟ್ಟಲೆ ಬಾಗಿಲಲ್ಲಿ ಬಗ್ಗಿ ಕೇಳಿದ ದನಿ, ಗುರುತು ಸಿಗದೆ ಇರುತ್ತದೆಯೇ? ಪಂಡಿತನ ಮೈಯೆಲ್ಲ ಬೆಂಕಿ. ಬೇರೆ ಯಾರಾದರೂ ಕೊಡಬಾರದಿತ್ತೇ, ಇವನೇ ಆಗಬೇಕಿತ್ತೇ ಎಂದು ತುಟಿ ಬಿಗಿದು ನಿಂತ. ಸಾಲುಗಳು ಕಾಯುತ್ತಿದ್ದವು. ಆ ದನಿ ಇನ್ನೊಂದು ಸಲ ಅದೇ ಪದ ಹೇಳಿತು. ಮೊದಲಿನಷ್ಟೇ ಮೆಲ್ಲಗೆ.

ಪಂಡಿತ ಬಾಯಿ ತೆರೆದ. ಆ ಪದವನ್ನು ಹೇಳಿದ. ಹಾಗೇ ಮುಂದೆ ಓದಿ ನಮಾಜು ಮುಗಿಸಿದ.

ಉಸ್ತಾದರು ನಿಲ್ಲಿಸಿದರು. ಗೈಬುಸಾಬನಿಗೆ ತಡೆಯಲಾಗಲಿಲ್ಲ.

"ಅವನದೇ ದನಿ ಎಂದು ಗೊತ್ತಿದ್ದೂ ಹೇಗೆ ತೆಗೆದುಕೊಂಡ ಉಸ್ತಾದರೇ? ನಾನಾಗಿದ್ದರೆ ಬೇರೆ ಯಾರಾದರೂ ಹೇಳುವ ತನಕ ಹಾಗೇ ನಿಂತಿರುತ್ತಿದ್ದೆ."

"ಹಿಂದೆ ಅಷ್ಟು ಸಾಲು ಜನ ಕೈಕಟ್ಟಿ ಕಾಯುತ್ತಿದ್ದರಲ್ಲ ಗೈಬೂ, ಇವರಿಬ್ಬರ ಮಾತಿಗೋ, ದೇವರ ಮಾತಿಗೋ? ಬರುವ ವಾರದ ಜಲ್ಸಾದಲ್ಲೂ ಅಷ್ಟೇ."