ಕಿಂಡಿಗೆ ಹಿಡಿಸದ ಬೇಟೆ

ಮಂಗಟ್ಟೆ ಹಕ್ಕಿಗಳಾದ ಗಂಡಹೆಂಡತಿ ಮಾಡಿಕೊಂಡ ಕರಾರು ಇಷ್ಟು: ಮರಿಗಳ ರೆಕ್ಕೆ ಬಲಿಯುವ ತನಕ ಹೆಂಡತಿ ಮರದ ಪೊಟರೆಯೊಳಗೆ ಕೂತು ಬಾಗಿಲಿಗೆ ಮಣ್ಣು ಮೆತ್ತಿಕೊಳ್ಳಬೇಕು, ಗಂಡ ಕೊಕ್ಕು ತೂರುವಷ್ಟು ಕಿಂಡಿಯಲ್ಲಿ ದಿನಕ್ಕೆ ಹತ್ತು ಸಲ ಊಟ ಕೊಡಬೇಕು.

ಗಂಡನಿಗೆ ಬೇಟೆಯ ಹುಚ್ಚು. ಒಂದು ದಿನ ಬೆಳಿಗ್ಗೆಯಿಂದ ಒಂದೇ ಓತಿಕ್ಯಾತನ ಬೆನ್ನು ಹತ್ತಿ, ಸಂಜೆ ಅದನ್ನು ಹಿಡಿದು ಬೀಗುತ್ತ ಬಂತು.

"ನೋಡೇ, ಇಡೀ ಕಾಡಿನಲ್ಲೇ ಇಷ್ಟು ದಪ್ಪದ್ದಿಲ್ಲ!"

"ಒಳಗೆ ಕೊಡಿ, ನೋಡೋಣ," ಎಂದಿತು ಹೆಂಡತಿ.

ಎಷ್ಟು ತುರುಕಿದರೂ ಓತಿ ಕಿಂಡಿಯೊಳಗೆ ಹೋಗಲಿಲ್ಲ. ಹರಿದು ಕೊಡೋಣವೆಂದರೆ ಗಂಡನಿಗಿದ್ದದ್ದು ಹದ್ದಿನ ಕೊಕ್ಕಲ್ಲ. ಒಳಗೆ ಎರಡು ಮರಿಗಳು ಹಸಿದು ಅರಚುತ್ತಿದ್ದವು.

"ಬಾಗಿಲು ಒಡೆದುಬಿಡು," ಎಂದಿತು ಗಂಡ.

"ಒಡೆದರೆ ಹಾವೂ ಅಲ್ಲಿಂದಲೇ ಬರುತ್ತದೆ. ರೀ, ಬೇಟೆ ಬಿಡಿ ಅಂತ ನಾನು ಹೇಳುವುದಿಲ್ಲ. ಬಿಟ್ಟರೆ ಮುಖ ಊದಿಸಿಕೊಂಡು ಕೂರುತ್ತೀರಿ. ಮೊದಲು ಅತ್ತಿಹಣ್ಣು ತಂದು ಮಕ್ಕಳ ಹೊಟ್ಟೆ ತುಂಬಿಸಿ. ಆಮೇಲೆ ಬೇಟೆಗೆ ಹೋಗಿ, ಕಿಂಡಿಗೆ ಹಿಡಿಸುವಂಥದ್ದನ್ನು ತನ್ನಿ."

ಗಂಡ ಓತಿಯನ್ನು ಕೆಳಗೆ ಬಿಟ್ಟು, ಬೆಳಕಿರುವಾಗಲೇ ಅತ್ತಿಮರಕ್ಕೆ ಹಾರಿತು. ಮರುದಿನದಿಂದ ಬೆಳಿಗ್ಗೆ ಹಣ್ಣು ತರುವ ಕೆಲಸ, ಮಧ್ಯಾಹ್ನ ಮಿಡತೆ, ಜೀರುಂಡೆಗಳ ಬೇಟೆ. ದಪ್ಪ ಓತಿ ಎದುರಿಗೇ ಓಡಿದರೆ ಕತ್ತು ತಿರುಗಿಸಿಕೊಳ್ಳುತ್ತಿತ್ತು. ಕಣ್ಣು ಮಾತ್ರ ಮಾತು ಕೇಳುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಮರಿಗಳು ಬಲಿತು, ಹೆಂಡತಿ ಮಣ್ಣು ಒಡೆದು ಹೊರಗೆ ಬಂತು. ಅಷ್ಟು ದಿನದಲ್ಲಿ ಗಂಡ ಬಿಟ್ಟುಕೊಟ್ಟದ್ದು ಏಳು ದಪ್ಪ ಓತಿ. ದಕ್ಕಿದ್ದು ಹಾರಬಲ್ಲ ಎರಡು ಮರಿ, ಹೊಸ ಗರಿ ಮೂಡಿದ ಹೆಂಡತಿ, ಮತ್ತು ಬೇಟೆಗೆ ಜೊತೆಯಾಗಿ ಇನ್ನೂ ಮೂರು ಕೊಕ್ಕು.