ಹಿಡಿಯೊಳಗೆ ಜಾರುವ ದಬ್ಬಣ

ಸ್ಕಾಟ್ಲೆಂಡಿನ ಗಡಿಯ ಊರೊಂದರಲ್ಲಿ ಒಬ್ಬನ ಹಸುವಿನ ಹಾಲು ಬತ್ತಿತು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿದು ಬದುಕುವ ಎಲ್ಸ್‌ಪೆತ್ ಮುದುಕಿ ಮಾಟ ಮಾಡಿದಳೆಂದು ಜನ ಅವಳನ್ನು ಚರ್ಚಿಗೆ ಎಳೆತಂದರು. ಚುಚ್ಚಿದರೆ ರಕ್ತ ಬಾರದವಳು ಮಾಟಗಾತಿ ಎಂಬುದು ಅಲ್ಲಿನ ನಂಬಿಕೆ. ಪರೀಕ್ಷೆಗೆ ಬಂದವನು ಅವಳ ತೋಳಿನ ಮಚ್ಚೆಯ ಮೇಲೆ ದಬ್ಬಣವನ್ನು ಹಿಡಿಯವರೆಗೂ ಒತ್ತಿದ. ಒಂದು ಹನಿ ರಕ್ತವೂ ಬರಲಿಲ್ಲ.

"ಅಯ್ಯಾ, ಅದು ನನಗೆ ಚುಚ್ಚಲೇ ಇಲ್ಲ," ಎಂದಳು ಮುದುಕಿ.

"ಕೇಳಿದಿರಾ? ನೋವೂ ಆಗಲಿಲ್ಲವಂತೆ!" ಎಂದು ಜನ ಹಿಂದೆ ಸರಿದರು.

ಮುದುಕಿಯ ಕುಪ್ಪಸದ ಅಂಚಿಗೆ ಸಿಕ್ಕಿಸಿದ್ದ ಸೂಜಿಗೆ ಅನುಮಾನ ಬಂತು. "ಅಣ್ಣಾ ದಬ್ಬಣ, ನಾನು ತುಸು ತಾಗಿದರೂ ಇವಳ ಬೆರಳಲ್ಲಿ ರಕ್ತ ಬರುತ್ತದೆ. ಅಷ್ಟುದ್ದದ ನೀನು ಹೋದದ್ದಾದರೂ ಎಲ್ಲಿಗೆ?"

"ಹಿಡಿಯೊಳಕ್ಕೆ," ಎಂದಿತು ದಬ್ಬಣ. "ಹಿಡಿ ಟೊಳ್ಳು. ಒತ್ತಿದರೆ ಒಳಗೆ ಜಾರುತ್ತೇನೆ. ಯಜಮಾನ ನನ್ನನ್ನು ಮಾಡಿಸಿದ್ದೇ ಹಾಗೆ."

"ಮೋಸ! ಈಗಲೇ ಎಲ್ಲರಿಗೂ ಕೂಗಿ ಹೇಳುತ್ತೇನೆ."

"ಧಾರಾಳವಾಗಿ ಕೂಗು ತಂಗಿ. ಈ ಮುದುಕಿಯ ಸೂಜಿ ಮಾತಾಡುತ್ತದೆಂದು ಊರಿಗೆಲ್ಲ ತಿಳಿಯಲಿ. ಆಮೇಲೆ ಅವಳನ್ನು ಸುಡಲು ನನ್ನ ಸಾಕ್ಷಿಯೂ ಬೇಕಾಗುವುದಿಲ್ಲ."

ಸೂಜಿ ತೆರೆದ ಬಾಯಿ ಮುಚ್ಚಿತು.

ಅಷ್ಟರಲ್ಲಿ ಪಾದ್ರಿ ಎದ್ದು ನಿಂತು, "ಇವಳ ಪರವಾಗಿ ಮಾತಾಡುವವರು ಯಾರಾದರೂ ಇದ್ದೀರಾ?" ಎಂದು ಕೇಳಿದ.

ಚರ್ಚಿನಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದವಿತ್ತು.