ಯಾರೂ ತಿನ್ನದ ಚಂದ್ರ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ತಾವು ಎಲ್ಲಿ ಕೂರಬೇಕೆಂದು ಗೊತ್ತಿರಲಿಲ್ಲ. ಹೊಳೆಗಳು ಸಿಕ್ಕಸಿಕ್ಕವರನ್ನು ದಾರಿ ಕೇಳುತ್ತ ಹರಿಯುತ್ತಿದ್ದವು. ಆಕಾಶಕ್ಕೆ ಚಂದ್ರ ಬಂದದ್ದಂತೂ ಮೊನ್ನೆ ಮೊನ್ನೆ. ಬರುವಾಗಲೇ ದುಂಡಗೆ, ತುಂಬಿಕೊಂಡು ಬಂದಿದ್ದ. ಚಂದ್ರ ಎಂದರೆ ಯಾವಾಗಲೂ ಹೀಗೇ ಇರುತ್ತಾನೆ ಎಂದು ಎಲ್ಲರೂ ನಂಬಿಬಿಟ್ಟರು.

ಅಷ್ಟರಲ್ಲಿ ಚಂದ್ರ ಸವೆಯತೊಡಗಿದ.

ಮೊದಲು ಒಂದು ಅಂಚು ಹೋಯಿತು. ಆಮೇಲೆ ಅರ್ಧವೇ ಹೋಯಿತು. ಹೊಂಗೆಮರದ ಕೆಳಗೆ ಕೊಕ್ಕರೆ ಮೇಷ್ಟ್ರು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಬೇರೆ ಮಾತೇ ಇಲ್ಲ. ಚಂದ್ರನನ್ನು ಯಾರೋ ತಿನ್ನುತ್ತಿದ್ದಾರೆ! ಯಾರು?

ಕರಿ ಮುಖದ ಕೋತಿ ಮುಸುವ ಬಾಲ ಎತ್ತಿ ಎದ್ದು ನಿಂತ. ಗೊತ್ತಿಲ್ಲದ ವಿಷಯ ಬಂದರೆ ಮೊದಲು ಎದ್ದು ನಿಲ್ಲುತ್ತಿದ್ದವನು ಅವನೇ.

"ಆನೆ ತಿಂದಿದ್ರೆ ಒಂದೇ ತುತ್ತಿಗೆ ಮುಗೀತಿತ್ತು. ಇದು ಚೂರುಚೂರೇ ಕಡಿಮೆ ಆಗ್ತಾ ಇದೆ. ಸಣ್ಣ ಬಾಯಿಯವರ ಕೆಲಸ ಇದು. ರೆಕ್ಕೆನೂ ಇರಬೇಕು, ಇಲ್ದಿದ್ರೆ ಅಷ್ಟೆತ್ತರ ಹೋಗೋದು ಹೆಂಗೆ? ಕತ್ತಲಾದ ಮೇಲೆ ಹಾರಾಡೋರು ಯಾರು? ಏನು ಊಟ ಮಾಡ್ದೆ ಅಂದ್ರೆ ಬಾಯಿ ಬಿಡದೋರು ಯಾರು?"

ಎಲ್ಲರ ಕಣ್ಣೂ ಗುಂಜಿಯ ಮೇಲೆ ಬಿದ್ದವು.

ಗುಂಜಿ ಒಂದು ಪುಟ್ಟ ಕರಿ ಹುಳ. ಅವಳಿಗೆ ಸಣ್ಣ ಬಾಯಿ ಇತ್ತು, ರೆಕ್ಕೆ ಇತ್ತು, ಕತ್ತಲಾದ ಮೇಲೆ ಹಾರುವ ಅಭ್ಯಾಸವೂ ಇತ್ತು. ಊಟದ ವಿಷಯ ಕೇಳಿದರೆ ಮಾತ್ರ ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದಳು. ಯಾಕೆಂದರೆ ಅವಳು ತಿನ್ನುತ್ತಿದ್ದದ್ದು ಎಮ್ಮೆಯ ಸಗಣಿ. ಅದನ್ನು ತರಗತಿಯ ನಡುವೆ ನಿಂತು ಹೇಳುವುದು ಹೇಗೆ?

"ಚಂದ್ರ ಪೂರ್ತಿ ಮುಗಿದ ದಿನ ಇವಳು ಹೊಳೆ ದಾಟಿ ಹೋಗ್ಬೇಕು," ಎಂದ ಮುಸುವ. ಕರಡಿ ಹೂಂ ಅಂದಿತು. ಅಳಿಲೂ ಹೂಂ ಅಂದಿತು. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗಾಯಿತು.

ಹೊಳೆಯ ಆಚೆ ದಡದಲ್ಲಿ ಬರೀ ಬಂಡೆ. ಮೇಯುವ ಪ್ರಾಣಿ ಒಂದೂ ಇಲ್ಲ. ಮೇಯುವವರಿಲ್ಲದ ಕಡೆ ಗುಂಜಿಗೆ ಊಟವೇ ಇಲ್ಲ. ಅಲ್ಲಿಗೆ ಹೋದರೆ ತನ್ನ ಕಥೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು.

ಗುಂಜಿ ಗಾಳಿಯನ್ನು ಕೇಳಿದಳು. "ಗಾಳಿಯಣ್ಣಾ, ಚಂದ್ರನನ್ನ ತಿಂತಾ ಇರೋದು ಯಾರು?"

"ನಾನು ಮೋಡದವರೆಗೆ ಮಾತ್ರ ಹೋಗೋನು, ತಾಯಿ. ಅದರಾಚೆ ನನಗೆ ಗೊತ್ತಿಲ್ಲ," ಎಂದಿತು ಗಾಳಿ.

ಗುಂಜಿ ಹೊಳೆಯನ್ನು ಕೇಳಿದಳು. "ಹೊಳೆಯಮ್ಮಾ, ಚಂದ್ರನನ್ನ ತಿಂತಾ ಇರೋದು ಯಾರು?"

"ನನ್ನ ನೀರಲ್ಲಿ ಕಂಡಷ್ಟೇ ನನಗೆ ಗೊತ್ತು, ಮಗಳೇ. ಮೇಷ್ಟ್ರನ್ನ ಕೇಳು. ನನ್ನ ದಡದಲ್ಲಿ ನಿಂತು ರಾತ್ರಿಯೆಲ್ಲಾ ಆಕಾಶ ನೋಡ್ತಾ ಇರ್ತಾರೆ," ಎಂದಿತು ಹೊಳೆ.

ಕೊಕ್ಕರೆ ಮೇಷ್ಟ್ರು ಒಂಟಿ ಕಾಲಿನ ಮೇಲೆ ನಿಂತು ಗುಂಜಿಯ ಅಳುವನ್ನೆಲ್ಲ ಕೇಳಿದರು. ಮರುದಿನ ತರಗತಿಗೆ ಬಂದು ಹೇಳಿದರು: "ಬಾಯಲ್ಲಿ ಹೇಳಿದ್ರೆ ನಂಬೋ ಮಕ್ಕಳಲ್ಲ ನೀವು. ಕೈಯಾರೆ ಮಾಡಿ ನೋಡೋಣ. ನಾಳೆ ಸೂರ್ಯ ಹುಟ್ಟೋ ಹೊತ್ತಿಗೆ ಎಲ್ಲರೂ ಒಂದೊಂದು ದುಂಡನೆ ವಸ್ತು ತಗೊಂಡು ಗುಡ್ಡದ ಮೇಲೆ ಬನ್ನಿ. ಅದೇ ನಿಮ್ಮ ನಿಮ್ಮ ಚಂದ್ರ. ಜೋಪಾನ!"

ಎಲ್ಲರೂ ದುಂಡನೆಯ ವಸ್ತು ಹುಡುಕಲು ಓಡಿದರು. ಮುಸುವ ಬೇಲದ ಹಣ್ಣು ಕಿತ್ತ. ಅಳಿಲು ಸೀಬೆಹಣ್ಣು ಆರಿಸಿತು. ಕರಡಿ ಇಪ್ಪೆಹೂವನ್ನು ಜೇನಿನಲ್ಲಿ ಕಲಸಿ ಉಂಡೆ ಕಟ್ಟಿತು. ಗುಂಜಿಯ ಹತ್ತಿರ ಇದ್ದದ್ದು ಒಂದೇ ವಸ್ತು. ನಾಚಿಕೆಪಟ್ಟುಕೊಂಡು ಕೂತರೆ ಬದುಕು ಉಳಿಯುವುದಿಲ್ಲ ಎಂದುಕೊಂಡು, ಸಗಣಿಯನ್ನೇ ಕಾಲಿನಿಂದ ತಟ್ಟಿ ತಟ್ಟಿ ಉಂಡೆ ಮಾಡಿದಳು. ಹೊಳೆದಂಡೆಯ ಬಿಳಿ ಧೂಳಿನಲ್ಲಿ ಉರುಳಿಸಿದಳು. ಸೊಟ್ಟ ಕಂಡಲ್ಲಿ ತಟ್ಟಿದಳು, ಮತ್ತೆ ಉರುಳಿಸಿದಳು. ಬೆಳಗಾಗುವ ಹೊತ್ತಿಗೆ ಉಂಡೆ ಬೆಳ್ಳಗೆ, ದುಂಡಗೆ, ಅಚ್ಚುಕಟ್ಟಾಗಿತ್ತು. ಅದನ್ನು ಹಿಂಗಾಲಿನಿಂದ ತಳ್ಳುತ್ತ ಗುಡ್ಡ ಹತ್ತಿದಳು.

ಪೂರ್ವದಲ್ಲಿ ಸೂರ್ಯ ಆಗತಾನೆ ಎದ್ದಿದ್ದ. ಅವನಿಗಿಂತ ಸ್ವಲ್ಪ ಮೇಲೆ, ಉಗುರಿನಷ್ಟೇ ಉಳಿದಿದ್ದ ಚಂದ್ರ.

"ಎಲ್ಲಿ, ನಿಮ್ಮ ಚಂದ್ರನ್ನ ತೋರಿಸಿ," ಎಂದರು ಮೇಷ್ಟ್ರು.

ಮುಸುವನ ಕೈಯಲ್ಲಿ ಒಡೆದ ಬೇಲದ ಚಿಪ್ಪು ಇತ್ತು. ಅಳಿಲಿನ ಮೀಸೆಗೆ ಸೀಬೆಯ ಬೀಜ ಅಂಟಿತ್ತು. ಕರಡಿ ಸುಮ್ಮನೆ ಬೆರಳು ನೆಕ್ಕುತ್ತಿತ್ತು.

"ದಾರೀಲಿ ಹಸಿವಾಯ್ತು ಸಾರ್," ಎಂದ ಮುಸುವ.

"ಸರಿ ಹೋಯ್ತು! ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸ್ತು ಅನ್ನೋ ಹಾಗಾಯ್ತು ನಿಮ್ಮ ಬಾಳು. ಚಂದ್ರನನ್ನ ತಿಂದೋರೆಲ್ಲ ಇಲ್ಲೇ ಇದ್ದೀರಲ್ಲ!" ಎಂದರು ಮೇಷ್ಟ್ರು. ಆಮೇಲೆ ಗುಂಜಿಯ ಕಡೆ ನೋಡಿದರು. "ಒಂದು ಚಂದ್ರ ಮಾತ್ರ ಯಾರೂ ಮುಟ್ಟದೆ ಉಳಿದಿದೆ. ಮುಸುವಾ, ನಿನಗೆ ಉದ್ದ ಕೈಯಿದೆ. ಹಿಡ್ಕೋ."

ಮುಸುವ ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಉಂಡೆ ಹಿಡಿದ. ಗುಂಜಿ ಅವನ ಹೆಗಲೇರಿ ಕುಳಿತಳು. ಉಳಿದವರು ಅವನ ಬೆನ್ನ ಹಿಂದೆ ಒತ್ತೊತ್ತಾಗಿ ನಿಂತರು.

"ಕೈ ಚಾಚಿ, ಉಂಡೇನ ಚಂದ್ರನ ಪಕ್ಕದಲ್ಲೇ ಹಿಡಿ."

ಹಿಡಿದ. ಉಂಡೆಯ ಮೇಲೂ ಉಗುರಿನಷ್ಟೇ ಬೆಳಕು! ಮೇಲಿನ ಚಂದ್ರನಿಗೆ ಯಾವ ಕಡೆಯೋ ಕೈಯಲ್ಲಿದ್ದ ಉಂಡೆಗೂ ಅದೇ ಕಡೆ.

"ಅಯ್ಯಯ್ಯೋ, ಉಂಡೇನೂ ತಿಂದುಬಿಟ್ರು!" ಎಂದು ಅಳಿಲು ಚೀರಿತು.

"ಮುಟ್ಟಿ ನೋಡೋ," ಎಂದರು ಮೇಷ್ಟ್ರು.

ಮುಸುವ ಮೂಗು ಬಿಟ್ಟ. ಆ ಕೈಯಿಂದ ಉಂಡೆಯನ್ನು ಸುತ್ತಲೂ ಸವರಿದ. ಕತ್ತಲೆ ಇದ್ದ ಕಡೆಯನ್ನು ಮತ್ತೊಮ್ಮೆ ಸವರಿದ.

"ಪೂರ್ತಿ ಇದೆ ಸಾರ್," ಎಂದ. ಅವನ ದನಿ ಸಣ್ಣಗಾಗಿತ್ತು.

"ಬೆಳಕು ಸೂರ್ಯನದು. ಅವನ ಕಡೆ ಇರೋ ಮೈ ಬೆಳಗುತ್ತೆ. ನಮಗೆ ಅದರಲ್ಲಿ ಎಷ್ಟು ಕಾಣುತ್ತೋ ಅಷ್ಟೇ ಚಂದ್ರ ಅಂತೀವಿ. ಈಗ ನಿಧಾನಕ್ಕೆ ಎಡಕ್ಕೆ ತಿರುಗು."

ಮುಸುವ ತಿರುಗಿದ. ಉಂಡೆ ಸೂರ್ಯನಿಗೆ ಅಡ್ಡವಾಗಿ ಬಂದಾಗ ಬೆಳಕಿನ ಗೆರೆಯೂ ಹೋಗಿ ಬರೀ ಕಪ್ಪಾಯಿತು. ಗುಂಜಿ ಕಣ್ಣು ಮುಚ್ಚಿಕೊಂಡಳು. ಮುಗಿಯಿತು, ಇನ್ನು ಹೊಳೆ ದಾಟಬೇಕು.

"ಕಣ್ಣು ಬಿಡು ಮಗಳೇ," ಎಂದರು ಮೇಷ್ಟ್ರು.

ಗುಂಜಿ ಕಣ್ಣು ಬಿಟ್ಟಳು. ಉಂಡೆಯ ಇನ್ನೊಂದು ಅಂಚಿನಲ್ಲಿ ತೆಳ್ಳನೆಯ ಬೆಳಕು ಹುಟ್ಟಿತ್ತು. ಮುಸುವ ತಿರುಗಿದಂತೆಲ್ಲ ಅದು ಅರ್ಧವಾಯಿತು, ಮುಕ್ಕಾಲಾಯಿತು. ಪಶ್ಚಿಮಕ್ಕೆ ಮುಖ ಮಾಡಿದಾಗ ಅವನ ದೊಡ್ಡ ತಲೆಯ ನೆರಳೇ ಉಂಡೆಯ ಮೇಲೆ ಬಿತ್ತು.

"ನಿನ್ನ ತಲೆ ಎಲ್ಲಾದಕ್ಕೂ ಅಡ್ಡ ಬರುತ್ತಲ್ಲೋ! ಮೇಲೆತ್ತಿ ಹಿಡಿ," ಎಂದರು ಮೇಷ್ಟ್ರು.

ಮೇಲೆತ್ತಿದ. ಗುಂಜಿಯ ಸಗಣಿ ಉಂಡೆ ತುಂಬು ಬೆಳಕಿನಲ್ಲಿ ಹೊಳೆಯಿತು. ಎಲ್ಲರೂ ಕತ್ತೆತ್ತಿ ನೋಡಿದರು. ಆಮೇಲೆ ಕರಡಿ ತಾನು ಹಿಡಿಯುತ್ತೇನೆ ಎಂದಿತು. ಅಳಿಲು ತಾನೂ ಎಂದಿತು. ಆಗ ಮೂಗು ಮುಚ್ಚಿಕೊಳ್ಳುವುದು ಯಾರಿಗೂ ನೆನಪಾಗಲಿಲ್ಲ.

ಆದರೂ ಉಂಡೆ ಉಂಡೆಯೇ, ಚಂದ್ರ ಚಂದ್ರನೇ. ನಿಜವಾದ ಚಂದ್ರ ಮಾರನೆಯ ಬೆಳಗ್ಗೆ ಪೂರ್ತಿ ಕಾಣದಾದ. ಯಾರೂ ಗುಂಜಿಯನ್ನು ಹೋಗು ಎನ್ನಲಿಲ್ಲ, ಇರು ಎಂದೂ ಹೇಳಲಿಲ್ಲ. ಸಂಜೆ ಸಂಜೆ ಗುಡ್ಡದ ಮೇಲೆ ಕೂತು ಕಾದರು. ಗುಂಜಿಗೆ ಊಟವೇ ಸೇರುತ್ತಿರಲಿಲ್ಲ.

ಕೊನೆಗೊಂದು ಸಂಜೆ, ಸೂರ್ಯ ಮುಳುಗಿದ ಕಡೆಯಲ್ಲೇ, ಕೆಂಪು ಆರುವ ಮೊದಲೇ ಒಂದು ತೆಳ್ಳನೆಯ ಗೆರೆ ಕಂಡಿತು.

"ಬಂದ! ಬಂದ!" ಎಂದು ಮೊದಲು ಕೂಗಿದವನು ಮುಸುವನೇ. ಗುಂಜಿಗೆ ಹೋದ ಜೀವ ಬಂದಂತಾಯಿತು. ಅವಳು ನಕ್ಕಳು, ಅತ್ತಳು, ಆಮೇಲೆ ತುಂಬಾ ಹಸಿವಾಗುತ್ತಿದೆ ಎಂದಳು.

"ತಪ್ಪಾಯ್ತು ಗುಂಜಿ," ಎಂದ ಮುಸುವ. "ನೀನು ಏನು ಬೇಕಾದ್ರೂ ತಿನ್ನು, ಇನ್ನು ಮೇಲೆ ಕೇಳಲ್ಲ."

"ಸಗಣಿ ತಿಂತೀನಿ," ಎಂದಳು ಗುಂಜಿ, ತಲೆ ಎತ್ತಿ. ಯಾರೂ ನಗಲಿಲ್ಲ. ಎಮ್ಮೆಗಂತೂ ತುಂಬಾ ಸಂತೋಷವಾಯಿತು.

ಅಂದಿನಿಂದ ಗುಂಜಿಯ ಕುಲದವರು ಊಟವನ್ನು ಕದ್ದುಮುಚ್ಚಿ ತಿನ್ನುವುದನ್ನು ಬಿಟ್ಟು, ಉಂಡೆ ಕಟ್ಟಿ, ಎಲ್ಲರೆದುರೇ ಉರುಳಿಸಿಕೊಂಡು ಹೋಗತೊಡಗಿದರು. ಇವತ್ತಿಗೂ ಹೊಲದ ದಾರಿಯಲ್ಲಿ ಸಗಣಿ ಹುಳ ನಡುವೆ ನಿಂತು, ಉಂಡೆಯ ಮೇಲೆ ಹತ್ತಿ ಮೆಲ್ಲಗೆ ಒಂದು ಸುತ್ತು ತಿರುಗುವುದನ್ನು ಕಂಡರೆ ತುಳಿಯಬೇಡಿ ಮಕ್ಕಳೇ: ಬೆಳಕು ಎಲ್ಲಿಗೂ ಹೋಗಿಲ್ಲ ಎಂದು ಕಣ್ಣಾರೆ ನೋಡಿಕೊಂಡು, ಅದು ನಿರಾಳವಾಗಿ ಮನೆಗೆ ಹೊರಟಿರುತ್ತದೆ.